ಹೊಟ್ಟೆ ತುಂಬಿದ ಕೌದಿ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಕೆಂಚವ್ವನನ್ನು ಏನಾದರೂ ಕೇಳಿದರೆ ಉತ್ತರ ಕೂಡಲೇ ಬರುವುದಿಲ್ಲ. ಹಿಡಿದ ಹೊಲಿಗೆಯ ಸಾಲು ಕೌದಿಯ ಅಂಚು ಮುಟ್ಟಬೇಕು, ದಾರಕ್ಕೆ ಗಂಟು ಬೀಳಬೇಕು, ಉಳಿದ ತುದಿಯನ್ನು ಹಲ್ಲಿನಿಂದ ಕಡಿಯಬೇಕು. ಆಮೇಲೆ, ಕೇಳಿದವರು ತಮ್ಮ ಪ್ರಶ್ನೆಯನ್ನೇ ಮರೆತಿರುವ ಹೊತ್ತಿಗೆ, ತಲೆ ಎತ್ತಿ ಅದಕ್ಕೆ ಸರಿಯಾದ ಉತ್ತರ ಕೊಡುತ್ತಾಳೆ. ನಡಿಗೆಯೂ ಹಾಗೆಯೇ. ಬಯಲಲ್ಲಿ ಹೋಗುವಾಗಲೂ ನೆಲಕ್ಕೆ ಹಾಸಿದ ಕೌದಿಯನ್ನು ತುಳಿಯದಂತೆ ದಾಟುವವಳ ಹಾಗೆ ಕಾಲನ್ನು ಎತ್ತಿ ಎತ್ತಿ ಇಡುತ್ತಾಳೆ. ಕುಪ್ಪಸದ ತೋಳಿಗೆ ಚುಚ್ಚಿದ ಸೂಜಿ ಮದುವೆಮನೆಯಲ್ಲಿಯೂ ಅಲ್ಲಿಯೇ ಇರುತ್ತದೆ.

ಒಂದು ಪದ್ಧತಿಯನ್ನು ಆಕೆ ಎಂದೂ ಬಿಟ್ಟವಳಲ್ಲ. ಕೌದಿ ಮುಗಿಯುವ ಮುನ್ನ ಮೂಲೆಯಲ್ಲಿ ಬೆರಳು ಹೋಗುವಷ್ಟು ಬಾಯಿ ಉಳಿಸಿ, ಅದರೊಳಗೆ ಹೋಳಿಗೆಯ ಚೂರೊಂದನ್ನು ಇಟ್ಟು ಹೊಲಿಗೆ ಮುಚ್ಚುತ್ತಾಳೆ. ಕೌದಿಯ ಹೊಟ್ಟೆ ತುಂಬಿಸುವುದೆಂದರೆ ಅದು. ಹಸಿದ ಕೌದಿ ಹೊದ್ದವರನ್ನೂ ಹಸಿವಿಗೆ ನೂಕುತ್ತದೆ ಎಂದು ಮುನವಳ್ಳಿಯ ಆಕೆಯ ಅತ್ತೆ ಹೇಳಿಕೊಟ್ಟಿದ್ದಳು.

ಊರಿನ ಕಾಲೇಜೊಂದರಲ್ಲಿ ಆಟ ಕಲಿಸುವ ಕಾಂತೇಶ ಮಾಸ್ತರರು ಒಮ್ಮೆ ಹರಿದ ಜೆರ್ಸಿಗಳ ಚೀಲವನ್ನು ಆಕೆಯ ಮುಂದೆ ಸುರಿದರು. ಓಡಿದವರಿಗೆ ಪದಕವುಂಟು, ಬೆನ್ನ ಹಿಂದೆ ನಿಂತು ಓಡಿಸಿದವರಿಗೆ ಏನೂ ಇಲ್ಲ. ಅಂಥವರಿಗೆ ವರ್ಷಕ್ಕೊಬ್ಬರಂತೆ ಕೊಡಲು, ಬಹುಮಾನದ ಕಪ್ಪಿನ ಬದಲು, ಈ ಜೆರ್ಸಿಗಳದ್ದೇ ಕೌದಿಯಾಗಲಿ ಎಂಬುದು ಅವರ ಆಸೆ. ಜಾರುವ ಆ ಬಟ್ಟೆ ಸೂಜಿಗೆ ಮಣಿಯಲಿಲ್ಲ. ಕೆಂಚವ್ವ ಕೆಳಪದರಕ್ಕೆ ತನ್ನ ಹಳೆಯ ನೂಲಿನ ಸೀರೆ ಕೊಟ್ಟು ಅದನ್ನು ಪಳಗಿಸಿದಳು. ಮೊದಲ ವರ್ಷ, ಪಂದ್ಯಕ್ಕೆ ಹೋದ ಹುಡುಗಿಯರಿಗೆಲ್ಲ ತನ್ನ ಮನೆಯಲ್ಲಿ ಊಟ, ಹಾಸಿಗೆ ಕೊಡುತ್ತಿದ್ದ ರಾಮದುರ್ಗದ ತಾರಾಬಾಯಿಗೆ ಅದು ಸಂದಿತು. ಮಾಸ್ತರರು ಕೌದಿಯ ಮೇಲೆ ಬಳಪದಲ್ಲಿ ಬರೆದ ತಾರಾಬಾಯಿಯ ಹೆಸರಿನ ಮೇಲೆಯೇ ಕೆಂಚವ್ವ ದಾರ ಓಡಿಸಿದಳು. ಸಮಾರಂಭ ಮುಗಿದ ಮೇಲೆ, ಮುಂದಿನ ವರ್ಷದವರಿಗೂ ಅದೇ ಬೇಕಾದ್ದರಿಂದ, ಕೌದಿ ಮರಳಿ ಕಾಲೇಜಿನ ಗಾಜಿನ ಕಪಾಟಿಗೆ ಹೋಯಿತು. ಆಕೆ ಹೊಲಿದ ಕೌದಿಗಳೆಲ್ಲ ಯಾರ್ಯಾರದೋ ಮೈಯಡಿ, ಮಂಚದಡಿ ಮರೆಯಾಗಿದ್ದವು. ಇದೊಂದನ್ನು ಮಾತ್ರ ಜನ ನಿಂತು ನೋಡುತ್ತಿದ್ದರು. ಅದನ್ನು ತಾನೂ ನಿಂತು ನೋಡಲೆಂದೇ ಆಕೆ ವರ್ಷಕ್ಕೊಮ್ಮೆ ಒಳ್ಳೆಯ ಸೀರೆ ಉಟ್ಟು ಅಲ್ಲಿಗೆ ಹೋಗುತ್ತಿದ್ದಳು.

ಈ ವರ್ಷ ಮೈದಾನಕ್ಕೆ ನೀರು ಹೊಡೆದು ಸುಣ್ಣದ ಗೆರೆ ಎಳೆಯುವ ಬೀರಪ್ಪನ ಸರದಿ. ಸಮಾರಂಭ ಹತ್ತಿರ ಬಂದಾಗ ಮಾಸ್ತರರು ಕೌದಿಯನ್ನು ಗಂಟು ಕಟ್ಟಿಕೊಂಡು ಬಂದರು. ಮೂಲೆಯಲ್ಲಿ ಮುಷ್ಟಿ ತೂರುವಷ್ಟು ತೂತು.

"ಆಯಿ, ಇಲಿ ಕಡದಾವ ನೋಡ್ರಿ. ಪ್ರಿನ್ಸಿಪಾಲರು ಬೆಳಗಾವಿಯಿಂದ ಕಪ್ ತರಸೂಣು ಅನ್ನಾಕತ್ತಾರ."

ಕೆಂಚವ್ವ ತೂತಿಗೆ ಮೂಗು ಹಚ್ಚಿ ಮೂಸಿದಳು. "ಹೋಳಗಿ ತಿಂದಾವ."

"ಕೌದಿಯೊಳಗ ಹೋಳಗಿ ಎಲ್ಲಿಂದ ಬಂತ್ರಿ?"

"ನಾನ ಇಟ್ಟಿದ್ನೆಪಾ. ತುಪ್ಪಾ ಹಚ್ಚಿ ಇಟ್ಟಿದ್ನಿ, ಕಾಲೇಜಿಗೆ ಹೊಂಟೈತಿ ಅಂತ. ಮತ್ತ ಉಪಾಸ ಕಳಸ್ಲೇನು?"

ಮಾಸ್ತರರು ನಕ್ಕರು, ಆಮೇಲೆ ನಗು ನಿಲ್ಲಿಸಿ ಕೈ ಜೋಡಿಸಿದರು. "ಈ ಸಲ ಏನೂ ಇಡಬ್ಯಾಡ್ರಿ. ತ್ಯಾಪಿ ಹಚ್ಚಿ ಕೊಡ್ರಿ, ನಾ ಅವರನ್ನ ಒಪ್ಪಸ್ತೇನಿ. ಹೋಳಗಿ ಇಟ್ರ ಕಪಾಟಿನ್ಯಾಗ ಜಾಗಾ ಇಲ್ಲ ನೋಡ್ರಿ."

ಅವರು ಹೋದ ಮೇಲೆ ಸೊಸೆ ಸಪ್ನಾ ಹೇಳಿದಳು: "ಅತ್ತಿ, ಸುಮ್ನ ಖಾಲಿ ಹೊಲ್ದು ಬಿಡ್ರಿ. ಯಾರಿಗಿ ಗೊತ್ತಾಗತೈತಿ?"

ಸಾಲು ಅಂಚು ಮುಟ್ಟಿತು, ಗಂಟು ಬಿತ್ತು. "ಬೀರಪ್ಪ ಮುಂಜಾನೆ ನಸುಕಿನ್ಯಾಗ ಬರೇ ಹೊಟ್ಟೀಲೆ ಗೆರಿ ಎಳ್ಯಾಕ ಹೋಗ್ತಾನ. ಅವನ ಮೈಮ್ಯಾಲ ಹಸದ ಕೌದಿ ಹಾಕ್ಲೇನ ನಾ?"

ಮರುದಿನ ಹೂರಣ ಕುದಿಯಿತು. ಕೆಂಚವ್ವ ತೇಪೆ ಹಚ್ಚಿ, ಚೂರು ಇಟ್ಟು, ಬಾಯಿ ಮುಚ್ಚಿ, ಒಂದೇ ಮಾತಿನೊಂದಿಗೆ ಕೌದಿಯನ್ನು ಕಳಿಸಿದಳು: "ಕಪಾಟಿನ್ಯಾಗ ಇಡಬ್ಯಾಡ್ರಿ. ಯಾರಿಗೆ ಕೊಡ್ತೀರಿ, ಅವರಽ ಹೊದ್ದು ಮಕ್ಕೊಳ್ಳಲಿ."

ಹಾಗೆಯೇ ಆಯಿತು. ಗಾಜಿನ ಹಿಂದೆ ಬೆಳಗಾವಿಯ ಹೊಳೆಯುವ ಕಪ್ಪು ಬಂದು ಕುಳಿತಿತು. ಸಮಾರಂಭದಲ್ಲಿ ಕೌದಿಯನ್ನು ಬೀರಪ್ಪನ ಹೆಗಲಿಗೆ ಹೊದಿಸಿದರು. ರಣಬಿಸಿಲು. ವರ್ಷವಿಡೀ ಗೆರೆ ಎಳೆದ ಮೈದಾನದ ಅಂಚಿನಲ್ಲಿ ಮೊದಲ ಬಾರಿಗೆ ಕುರ್ಚಿಯ ಮೇಲೆ ಕುಳಿತ ಆತ, ಬೆವರು ಗಲ್ಲಕ್ಕಿಳಿದರೂ ಅದನ್ನು ತೆಗೆಯಲಿಲ್ಲ.

ಕೆಂಚವ್ವನಿಗೆ ತಡೆಯಲಾಗಲಿಲ್ಲ. "ತಗಿಯೋ ಮಾರಾಯಾ, ಬೆಂದ ಹೋಗ್ತಿ!"

"ಇರ್ಲಿ ಬಿಡಬೇ," ಎಂದ ಬೀರಪ್ಪ, ಇನ್ನಷ್ಟು ಸುತ್ತಿಕೊಳ್ಳುತ್ತ. "ಕೊಟ್ಟಾರ, ಹೊತ್ಕೊಂಡೇನಿ."

ಹೋಗುವಾಗ ಆಕೆ ಕಪಾಟಿನ ಮುಂದೆ ಒಂದು ಗಳಿಗೆ ನಿಂತಳು. ಕೌದಿ ಇರುತ್ತಿದ್ದ ಜಾಗದಲ್ಲಿ ಕುಳಿತ ಕಪ್ಪನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ಮನೆಯ ದಾರಿ ಹಿಡಿದಳು.

ಇಂಥ ಹೆಂಗಸರು ನಮ್ಮ ಸೀಮೆಯಲ್ಲಿ ಅಲ್ಲಲ್ಲಿ ಇದ್ದಾರೆ. ತಮ್ಮ ಕೈಕೆಲಸವನ್ನು ನಾಲ್ಕು ಜನ ನಿಂತು ನೋಡಲಿ ಎಂಬ ಆಸೆ ಅವರಿಗೂ ಇರುತ್ತದೆ, ಅದು ಕೈತಪ್ಪಿದಾಗ ನೋವೂ ಆಗುತ್ತದೆ. ಆದರೆ ಆ ಆಸೆ ಒಂದು ಕಡೆ, ಇನ್ನೊಬ್ಬರ ಹಸಿವು ಒಂದು ಕಡೆ ನಿಂತರೆ ಅವರು ಹೆಚ್ಚು ಹೊತ್ತು ತೂಗಿ ನೋಡುವುದಿಲ್ಲ, ತಾವು ಬಿಟ್ಟುಕೊಟ್ಟದ್ದಕ್ಕೆ ದೊಡ್ಡ ಹೆಸರನ್ನೂ ಇಡುವುದಿಲ್ಲ; ಮನೆಗೆ ಬಂದು, ಕಾಲು ತೊಳೆದು, ಮುಂದಿನ ಕೌದಿಗೆ ಹಳೆಯ ಬಟ್ಟೆ ಹರಿಯುತ್ತ ಕೂಡುತ್ತಾರೆ.