ನಾಲ್ಕೂ ಚಕ್ರಕ್ಕೆ ಮೂವತ್ತಮೂರು

ಟೈರು ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತಾರು ವರ್ಷದಿಂದ ಗಿರಾಕಿಗಳ ಕಿವಿ ತೂತಾಗುವಂತೆ ಹೇಳುತ್ತ ಬಂದವನು ನಾನು. ಆ ದಿನ ಮಗಳ ಕಾರಿನ ಟೈರು ಆ ಮಾತನ್ನು ನನಗೇ ತಿರುಗಿಸಿ ಹೇಳಿತು.

ನಾಲ್ಕು ಹೊಸ ಟೈರು ಹಾಕಿಸಲು ಬಂದಿದ್ದಳು. ಎಂಟು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಬಿಳಿ ಕಾರು. ಮೊಮ್ಮಗಳು ಅಂಗಡಿಯ ಸ್ಟೂಲಿನ ಮೇಲೆ ಕೂತು ವಾಲ್ವಿನ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಟೈರಿನ ನಡುಭಾಗ ಚೆನ್ನಾಗಿತ್ತು, ಎರಡೂ ಅಂಚು ಮಾತ್ರ ಬೋಳು. ಗಾಳಿ ಕಮ್ಮಿ ಇಟ್ಟು ಓಡಿಸಿದರೆ ಹೀಗೆ ಸವೆಯುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು.

"ಗಾಳಿ ನೋಡೋ ಅಭ್ಯಾಸಾನೇ ಇಲ್ವಾ ನಿಂಗೆ? ಟೈರ್ ಅಂಗಡಿಯವನ ಮಗಳು ಅಂತ ಹೊರಗೆಲ್ಲೂ ಹೇಳ್ಬೇಡ."

"ದಿನಾ ನೋಡ್ತೀನಪ್ಪ. ಗಾಡಿ ತೆಗೆಯೋಕೆ ಮುಂಚೆ ಸ್ಕ್ರೀನ್ ನೋಡು ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು? ನಾಲ್ಕೂ ಮೂವತ್ತಮೂರು. ಒಂದಿನಾನೂ ಕಮ್ಮಿ ಆಗಿಲ್ಲ."

ಕೀ ತಿರುಗಿಸಿ ತೋರಿಸಿದಳು. ಅವಳು ಹೇಳಿದ್ದು ನಿಜ. ಅವಳು ಮನೆಗೆ ಬಂದಾಗಲೆಲ್ಲ ನಾನೂ ಕಿಟಕಿಯಲ್ಲಿ ಇಣುಕಿ ಅದೇ ಅಂಕಿ ನೋಡಿ ಸಮಾಧಾನಪಟ್ಟುಕೊಂಡವನೇ. ಈಗ ಗೇಜ್ ತೆಗೆದು ಹಿಂದಿನ ಎಡಚಕ್ರಕ್ಕೆ ಒತ್ತಿದೆ. ಹತ್ತೊಂಬತ್ತು. ಗೇಜೇ ಕೆಟ್ಟಿರಬೇಕೆಂದು ಇನ್ನೊಂದು ತಂದೆ. ಅದೂ ಹತ್ತೊಂಬತ್ತೇ ಅಂದಿತು.

ಇಂಥ ಕಾರುಗಳಲ್ಲಿ ಪ್ರತಿ ಚಕ್ರದ ಒಳಗೂ, ವಾಲ್ವಿನ ಬುಡದಲ್ಲಿ, ಬೆಂಕಿಪೊಟ್ಟಣದಷ್ಟು ಒಂದು ಸೆನ್ಸರ್ ಇರುತ್ತದೆ. ಒಳಗಿನ ಗಾಳಿ ಎಷ್ಟೆಂದು ಸ್ಕ್ರೀನಿಗೆ ತಿಳಿಸುವುದು ಅದೇ. ಟೈರು ಬಿಚ್ಚುವಾಗ ಅದು ಮುರಿಯದಂತೆ ನೋಡಿಕೊಳ್ಳುವುದೇ ಈಗ ನಮ್ಮ ಕಸುಬಿನ ಅರ್ಧ. ಜೋಪಾನವಾಗಿ ಟೈರನ್ನು ರಿಮ್ಮಿನಿಂದ ಎಬ್ಬಿಸಿದೆ. ಒಳಗೆ ಮಸಿಯಂಥ ರಬ್ಬರ್ ಪುಡಿ ಒಂದು ಹಿಡಿ ಇತ್ತು. ಟೈರಿನ ಪಕ್ಕ ಒಳಗಿನಿಂದಲೇ ತಿಕ್ಕಿ ತಿಕ್ಕಿ ನೂಲು ಎದ್ದಿತ್ತು. ಇನ್ನೊಂದು ವಾರ ತಡೆಯುತ್ತಿತ್ತೋ ಇಲ್ಲವೋ. ಸೆನ್ಸರ್ ಮಾತ್ರ ಇರಲಿಲ್ಲ. ನಾಲ್ಕನ್ನೂ ಬಿಚ್ಚಿದೆ, ಯಾವುದರಲ್ಲೂ ಇರಲಿಲ್ಲ.

ಚಕ್ರದಲ್ಲಿಲ್ಲದ ಸೆನ್ಸರ್ ಅಂಕಿ ಕೊಡುವುದು ಹೇಗೆಂದು ಈ ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಾಲ್ಕು ವರ್ಷದ ಹಿಂದೆ ಎಲ್ಲರಿಗೂ ದಪ್ಪ ರಿಮ್ಮಿನ ಹುಚ್ಚು. ಹೊಸ ರಿಮ್ಮಿಗೆ ಹಳೆಯ ಸೆನ್ಸರ್ ಕೂರುತ್ತಿರಲಿಲ್ಲ. ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತಿತ್ತು, ಜೊತೆಗೆ ಪೀಂ ಪೀಂ ಬೇರೆ. ಗಿರಾಕಿಗಳು ನನ್ನ ತಲೆ ತಿಂದರು. ಆಗ ನಾನೊಂದು ಉಪಾಯ ಹುಡುಕಿದೆ. ನಾಲ್ಕೂ ಸೆನ್ಸರನ್ನು ಒಂದು ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ, ಎರಡು ತುದಿಯನ್ನೂ ಮುಚ್ಚಿ, ಒಂದು ತುದಿಗೆ ವಾಲ್ವ್ ಕೂರಿಸಿ, ಮೂವತ್ತಮೂರು ಗಾಳಿ ತುಂಬಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಮಲಗಿಸಿಬಿಡುವುದು. ಪೈಪಿನ ಗಾಳಿಯನ್ನೇ ಸ್ಕ್ರೀನು ಟೈರಿನದೆಂದು ನಂಬಿತು. ದೀಪ ಆರಿತು, ಸದ್ದು ಅಡಗಿತು. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಡಿಕ್ಕಿ ತೆಗೆದೆ.

"ಏನು ಹುಡುಕ್ತಿದ್ದೀಯಪ್ಪ?"

"ಏನಿಲ್ಲ. ನೀನು ಮಗು ಹತ್ರ ಕೂತ್ಕೋ ಹೋಗು."

ಹೇಳಿದ ಮಾತು ಕೇಳಿ ಗೊತ್ತಿದ್ದರೆ ತಾನೇ? ಸ್ಟೆಪ್ನಿ ಎತ್ತುವಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದಳು. ಪೈಪು ಅಲ್ಲೇ ಇತ್ತು, ಗಡಗಡ ಅನ್ನದಂತೆ ಬಟ್ಟೆ ಸುತ್ತಿಕೊಂಡು. ಬೇರೆ ಯಾರೋ ನನ್ನಂಥವನೇ ಮಾಡಿರಬಹುದು, ಹಾಗೇ ಇರಲಿ ಎಂದು ಒಂದು ಗಳಿಗೆ ಆಸೆಪಟ್ಟೆ. ಅಷ್ಟರಲ್ಲಿ ಅವಳು ಕೈಹಾಕಿ ಎತ್ತಿಕೊಂಡಳು. ಹಳದಿ ಬಟ್ಟೆ, ಅದರ ಮೇಲೆ ನೀಲಿ ಬಾತುಕೋಳಿಗಳು.

"ಇದು ನನ್ನ ಹೊದಿಕೆ ಅಲ್ವಾ? ಚಿಕ್ಕವಳಿದ್ದಾಗ ಹೊದಿತಿದ್ದೆ. ಅಮ್ಮ ಹರಿದು ಅಂಗಡಿಗೆ ಒರೆಸೋ ಬಟ್ಟೆ ಮಾಡಿದ್ದು." ಬಟ್ಟೆಯನ್ನು ತಿರುವಿ ತಿರುವಿ ನೋಡಿದಳು. "ಈ ಕಾರಲ್ಲಿ ಹೇಗೆ ಬಂತು?"

ಎಲ್ಲ ಹೇಳಿದೆ. ಹೇಳದೆ ವಿಧಿಯಿರಲಿಲ್ಲ. ಅವಳು ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

"ಹೆದ್ದಾರೀಲಿ ನೂರರಲ್ಲಿ ಬಂದೆ ಅಪ್ಪ," ಎಂದಳು. "ಮಗು ಹಿಂದೆ ಮಲಗಿತ್ತು. ಮೂವತ್ತಮೂರು ಇದೆಯಲ್ಲ ಅಂತ."

ನನಗೆ ಅವಳ ಮುಖ ನೋಡಲಾಗಲಿಲ್ಲ. ಪೈಪಿನ ವಾಲ್ವನ್ನು ಒತ್ತಿಹಿಡಿದೆ. ಗಾಳಿ ಬುಸ್ಸೆಂದು ಹೊರಬಿತ್ತು. ಚಕ್ರವೇ ಇಲ್ಲದೆ ಜಾಕಿನ ಮೇಲೆ ನಿಂತಿದ್ದ ಕಾರಿನ ಸ್ಕ್ರೀನಿನಲ್ಲಿ ನಾಲ್ಕೂ ಅಂಕಿ ಒಟ್ಟಿಗೆ ಇಳಿದು ಸೊನ್ನೆಯಾದವು. ಕೆಂಪು ದೀಪ ಹತ್ತಿತು. ನಾಲ್ಕು ವರ್ಷದ ಹಿಂದೆ ನಾನು ಅಡಗಿಸಿದ್ದ ಸದ್ದು ಅಂಗಡಿ ತುಂಬ ಕೂಗತೊಡಗಿತು.

"ತಾತ, ನಿಲ್ಸು," ಎಂದು ಮೊಮ್ಮಗಳು ಕಿವಿ ಮುಚ್ಚಿಕೊಂಡಳು.

"ಕೂಗ್ಲಿ ಬಿಡು," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಇಂಥವು ಎಷ್ಟು ಮಾಡಿದ್ದೆ?" ಎಂದು ಕೇಳಿದಳು.

"ಏಳು."

"ಇನ್ನು ಆರು ಯಾರ ಹತ್ರ ಇವೆ?"

ಯಾರ ಹೆಸರನ್ನೂ ನಾನು ಬರೆದಿಟ್ಟಿರಲಿಲ್ಲ. ಅಂಗಡಿಯ ಮುಂದೆ ಒಂದು ಬಿಳಿ ಕಾರು ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಅವಳೂ ನೋಡಿದಳು, ನಾನೂ ನೋಡಿದೆ. ಅದು ತಿರುವು ದಾಟುವವರೆಗೆ ಇಬ್ಬರೂ ಅದರ ಹಿಂದಿನ ಟೈರನ್ನೇ ನೋಡುತ್ತ ನಿಂತೆವು.