ಪಾಲಿಗೆ ಸಾಕಿದ ಎಮ್ಮೆ

"ಹಾಲಿರೋ ಎಮ್ಮಿ ನಾ ಒಯ್ಯಂಗಿಲ್ಲರೀ ಸಾವ್ಕಾರ್ರ. ಬತ್ತಿದ್ದಾದ್ರ ಈಗ ಹಗ್ಗ ಬಿಚ್ರಿ," ಎಂದ ದನದ ವ್ಯಾಪಾರಿ ಶಾಮೀದಸಾಬ, ಕೊಟ್ರಬಸಪ್ಪನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು.

ಉಡಚಮ್ಮ ಎಮ್ಮೆಯ ಪಕ್ಕಕ್ಕೆ ಸರಿದು ನಿಂತಳು. ಅದನ್ನು ಮಾರುವ ಸುದ್ದಿ ಕೇಳಿ ನಸುಕಿನಲ್ಲೇ ಹೇಮಗುಡ್ಡದ ಕಡೆಯಿಂದ ನಡೆದು ಬಂದಿದ್ದಳು. ಅದು ಯುದ್ಧದ ಕಾಲ. ಶಾಮೀದಸಾಬ ಕೂಡಿಸಿದ ದನಗಳೆಲ್ಲ ಬಳ್ಳಾರಿಯ ಪಲ್ಟನ್ನಿನವರ ಊಟಕ್ಕೆ ಹೋಗುತ್ತವೆಂದು ಯಾರಿಗೆ ಗೊತ್ತಿರಲಿಲ್ಲ?

ಬೂದಿ ಎಂಬ ಆ ಎಮ್ಮೆ ಸಿದ್ದಾಪುರದ ಕೊಟ್ರಬಸಪ್ಪನದೇ, ಸುಳ್ಳಲ್ಲ. ಧಾರವಾಡಿ ತಳಿಯ ಎಮ್ಮೆ, ಕೊಂಬು ಕುಡುಗೋಲಿನಂತೆ ಬಾಗಿದ್ದವು. ಆದರೆ ಕರುವಾಗಿದ್ದಾಗಲೇ, ಮಣಕಾಗುವ ಮೊದಲೇ, ಪಾಲಿಗೆಂದು ಉಡಚಮ್ಮನ ಗುಡಿಸಲು ಸೇರಿತ್ತು. ಸಾಕುವುದು ಅವಳು, ಚೊಚ್ಚಲು ಈದ ಮೇಲೆ ಎಮ್ಮೆ ಒಡೆಯನಿಗೆ, ಕರು ಸಾಕಿದವಳಿಗೆ. ಗಂಡನಿಲ್ಲ, ಮಕ್ಕಳಿಲ್ಲ, ಆ ಹೆಂಗಸು ಅದನ್ನು ಸಾಕಿದಳೆನ್ನುವುದಕ್ಕಿಂತ ಮುದ್ದು ಮಾಡಿ ಕೆಡಿಸಿದಳೆನ್ನಬೇಕು. ತನ್ನ ರೊಟ್ಟಿಯಲ್ಲೇ ಮುರಿದು ತಿನ್ನಿಸುವುದೇನು, ಸೆರಗಿನಿಂದ ಮೂಗು ಒರೆಸುವುದೇನು! ಇನ್ನೊಬ್ಬರ ಕೈ ಅದಕ್ಕೆ ತಾಗಗೊಡಲಿಲ್ಲ. ತಪ್ಪಿದ್ದು ಅಲ್ಲೇ.

ಬೂದಿ ಈದಿತು, ಕರು ಉಳಿಯಲಿಲ್ಲ. ಅವಳ ಪಾಲು ಮಣ್ಣಾಯಿತು. ಎಮ್ಮೆಯನ್ನು ಒಡೆಯ ಹೊಡೆದುಕೊಂಡು ಬಂದ. ಇಲ್ಲಿ ಬಂದದ್ದೇ ಅದು ಸೊರ ಬಿಡಲೊಲ್ಲದು, ಕೆಚ್ಚಲಿಗೆ ಹಾಲಿಳಿಸಲೊಲ್ಲದು. ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿದರು. ಮೂಸಿ ಮುಖ ತಿರುಗಿಸಿತು. ಹಿಂಗಾಲು ಕಟ್ಟಿದರು, ಹಗ್ಗ ಹರಿದು ತಂಬಿಗೆ ಒದೆಯಿತು.

"ನನಗ ಕೊಡ್ರಿ ಯಪ್ಪಾ. ಮುಂದಿನ ಕರಾ ನೀವ ಇಟ್ಕೊಳ್ರಿ," ಎಂದು ಉಡಚಮ್ಮ ಅಂಗಲಾಚಿದಳು.

"ಅಲ್ಲೀತನಕ ನಾವೇನು ಬಾಯಿ ಬಡ್ಕೊಳ್ಳೋದೇನು? ಇದನ್ನ ದೂಡಿ ಹಾಲಿಂದೊಂದು ತರತೀನಿ," ಎಂದ ಕೊಟ್ರಬಸಪ್ಪ.

ಉಡಚಮ್ಮ ತಂಬಿಗೆ ಹಿಡಿದು ಕೂತಳು. "ಬೂದೀ, ನನ ತಾಯಿ," ಎಂದದ್ದೇ ತಡ, ಕೆಚ್ಚಲು ಸಡಿಲಿತು; ಹಾಲು ಚರ್ ಚರ್ ಎಂದು ತಳ ಮುಚ್ಚಿತು. ಶಾಮೀದಸಾಬ ನಕ್ಕ.

"ಇವತ್ತೇನೋ ಆತು. ನಾಳಿ?" ಎಂದ ಕೊಟ್ರಬಸಪ್ಪ.

"ಇಲ್ಲೇ ಕೊಟ್ಟಿಗ್ಯಾಗ ಬಿದ್ದಿರ್ತೀನ್ರಿ."

"ಎಮ್ಮಿಗೊಂದು ಆಳು ಸಾಕಲೇನು? ಸಾಬರ, ಹಗ್ಗ ತರ್ರಿ."

ಉಡಚಮ್ಮ ಕೈ ತೆಗೆದು ಎದ್ದಳು. ಆ ಮನೆಯ ಸೊಸೆ ಪಂಪಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ಉಡಚಮ್ಮ ಅವಳ ಮುಖವನ್ನೇ ನೋಡಿದಳು.

"ಸಣ್ಣವ್ವಾರ, ಅದಕ ನನ್ನ ವಾಸನಿ ರೂಢಿ. ನನ್ನ ಸೀರಿ ಉಟ್ಕೊಂಡು ಕೂಡ್ರಿ, ಸೊರ ಬಿಡತೈತಿ. ದಿನಾ ಉಡ್ರಿ. ಆಮ್ಯಾಲ ನಿಮ್ಮದ ರೂಢಿ ಆಗತೈತಿ."

"ಏನ್ ಮಾತಂತ ಆಡ್ತಿ! ನಮ್ಮನಿ ಸೊಸಿ ನಿನ್ನ ಮೈಲಿಗಿ ಸೀರಿ ಉಡಬೇಕಾ?" ಎಂದು ಕೊಟ್ರಬಸಪ್ಪ ಗುಡುಗಿದ.

ಮಾವನೆದುರು ಎಂದೂ ತುಟಿ ಬಿಚ್ಚದ ಪಂಪಮ್ಮ, "ಒಳಗ ಬಾ ಉಡಚವ್ವ," ಎಂದಳು.

ಮೇವಿನ ಕೋಣೆಯಲ್ಲಿ ಇಬ್ಬರೂ ಸೀರೆ ಬದಲಿಸಿದರು. ಪಂಪಮ್ಮನ ಕೆಂಪಂಚಿನ ಇಳಕಲ್ ಸೀರೆ ಉಡಚಮ್ಮನ ಮೈಮೇಲೆ ಬಂತು. ಅಂಥದ್ದನ್ನು ಅವಳು ಹುಟ್ಟಿದಂದಿನಿಂದ ಉಟ್ಟವಳಲ್ಲ. ಸಂತೋಷ ಮಾತ್ರ ಆಗಲಿಲ್ಲ.

"ನೀನೂ ಸಮೀಪ ನಿಲ್ಲು," ಎಂದಳು ಪಂಪಮ್ಮ, ಹೆದರಿ.

"ನಿಲ್ತೀನ್ರಿ. ಆದ್ರ ದನಿ ತಗಿಯಂಗಿಲ್ಲ. ದನಿ ಕೇಳಿದ್ರ ಮತ್ತ ನನ್ನ ಕಡಿಗೇ ತಿರುಗತೈತಿ. ನಿಮಗ ಹತ್ತಂಗಿಲ್ಲ."

ಪಂಪಮ್ಮ ಕೂತಳು. ಬೂದಿ ಕತ್ತು ಹೊರಳಿಸಿ ಅವಳ ಭುಜ ಮೂಸಿತು, ಹಳೆಯ ಸೆರಗು ಮೂಸಿತು. ಕೊಟ್ರಬಸಪ್ಪನೂ ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ಎಮ್ಮೆ ಕಿವಿ ಇಳಿಬಿಟ್ಟು ನಿಂತಿತು. ತಂಬಿಗೆಯಲ್ಲಿ ನೊರೆ ಏರತೊಡಗಿತು. ಶಾಮೀದಸಾಬ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು, "ಇದು ನನ್ನ ಮಾಲಲ್ಲ ಬಿಡ್ರಿ," ಎಂದು ಹೊರಟ.

ಉಡಚಮ್ಮನೂ ಹೊರಡಬೇಕು, ದಾರಿ ಬೂದಿಯ ಮುಂದೆಯೇ. ಹಾದು ಹೋಗುವಾಗ ಅದರ ಮೂಗಿಗೆ ಹಿಂಡಿ ಮೆತ್ತಿದ್ದು ಕಂಡಿತು. ರೂಢಿಯ ಕೈ, ಸೆರಗು ಹಿಡಿದು ಮುಂದೆ ಚಾಚಿತು. ಬೂದಿ ಹೊಸ ಸೆರಗನ್ನು ಮೂಸಿ, ಬುಸ್ಸೆಂದು ತಲೆ ಹಿಂದಕ್ಕೆಳೆದು, ಯಾರೋ ಪರಕೀಯಳೆಂಬಂತೆ ನೋಡಿತು.

ಬೂದಿಯ ಹೆಸರು ನಾಲಿಗೆಯ ತುದಿಗೆ ಬಂತು. ಅವಳು ಕೆಂಪಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಓಣಿಗಿಳಿದಳು. ಹಿಂದೆ ಹಾಲಿನ ಚರ್ ಚರ್ ಸದ್ದು ಒಂದೇ ಸಮನೆ ಕೇಳುತ್ತಲೇ ಇತ್ತು.