ಬೋರಮ್ಮನ ಊರುಗೋಲು

ನಮ್ಮ ರಾಜಾಜಿನಗರದ ಅಂಗವಿಕಲರ ಸಂಘದ ಚರಿತ್ರೆ ಬರೆದುಕೊಡಿ ಎಂದು ಅಧ್ಯಕ್ಷರು ನನಗೇ ಹೇಳಿದ್ದಾರೆ. ಮೊದಲಿನಿಂದ ಕಾರ್ಯದರ್ಶಿ ನಾನೇ ತಾನೇ! ಬರೆಯುತ್ತೇನೆ. ಆದರೆ ಐವತ್ತನಾಲ್ಕನೇ ಇಸವಿಯ ಉದ್ಘಾಟನೆಯ ದಿನಕ್ಕೆ ಬಂದರೆ ಕೈ ಓಡುವುದಿಲ್ಲ.

ಬೋರಮ್ಮ ಕೇತಮಾರನಹಳ್ಳಿಯವಳು. ಚಿಕ್ಕಂದಿನಲ್ಲಿ ಜ್ವರ ಬಂದು ಒಂದು ಕಾಲು ಪೂರ್ತಿ, ಇನ್ನೊಂದು ಅರ್ಧ ಸೋತುಹೋಗಿತ್ತು. ಇಪ್ಪತ್ತೆರಡು ವರ್ಷ ನೆಲದ ಮೇಲೇ ತೆವಳಿದವಳು. ಸಂಘಕ್ಕೆ ಹೆಸರಿಡುವ ಮೊದಲೇ ನಾವು ನಾಲ್ಕು ಜನ ಸೇರಿ ಅವಳಿಗೊಂದು ಜೊತೆ ಊರುಗೋಲು ಮಾಡಿಸಿಕೊಟ್ಟೆವು. "ಇನ್ಮೇಲೆ ಯಾರ ಮುಂದೂ ತೆವಳಲ್ಲ ಕಣ್ರೀ ಮೇಷ್ಟ್ರೇ" ಎಂದಿದ್ದಳು. ನಾನು ಎಷ್ಟು ಬೀಗಿದ್ದೆ!

ಉದ್ಘಾಟನೆ ನಮ್ಮ ಶಾಲೆಯ ಹಾಲ್‌ನಲ್ಲಿ. ಮುಂದಿನ ಬೆಂಚುಗಳಲ್ಲಿ ಹನ್ನೊಂದು ಜನ ಸದಸ್ಯರು. ಫೋಟೋ ತೆಗೆಯಲು ಬಂದ ಜಗನ್ನಾಥ ಮೂಗು ಮುರಿದ.

"ಸಾರ್, ಬರೀ ಕೋಲೇ ಕಾಣುತ್ತೆ. ಎತ್ತಿಸ್ಬಿಡಿ."

ನನಗೂ ಅದೇ ಬೇಕಿತ್ತು, ಸುಳ್ಳೇಕೆ? ದೊಡ್ಡ ಮನುಷ್ಯರು ಬರುವಾಗ ಎಲ್ಲ ಅಂದವಾಗಿರಲಿ ಎಂಬ ಹುಚ್ಚು. ಒಬ್ಬರನ್ನೂ ಕೇಳದೆ ಕೋಲುಗಳನ್ನೆಲ್ಲ ಬಾಚಿಕೊಂಡು ಹೋಗಿ ಹಿಂದಿನ ಕೋಣೆಯಲ್ಲಿಟ್ಟೆ. ಬೀಗ ಜಡಿದು ಬೀಗದಕೈಯನ್ನು ಕೋಟಿನ ಜೇಬಿಗೆ ಇಳಿಸಿದೆ. ಫೋಟೋ ಮುಗಿಯಿತು, ಅತಿಥಿಗಳು ಬಂದರು. ಹಾರ, ಕಾಫಿ, ಉಪಚಾರದ ಗಡಿಬಿಡಿಯಲ್ಲಿ ಕೋಲು ಮರೆತೇಹೋಯಿತು.

ಅತಿಥಿಗಳು ಭಾಷಣಕ್ಕೆ ನಿಂತವರು ಮುಗಿಸಲೇ ಇಲ್ಲ. ನಡುವೆ ಬೋರಮ್ಮ ಸನ್ನೆ ಮಾಡಿ ಕರೆದಳು. ಹೋಗಿ ಬಗ್ಗಿದೆ.

"ಮೇಷ್ಟ್ರೇ, ಕೋಲು ಕೊಡಿ. ಹಿತ್ತಲಿಗೆ ಹೋಗ್ಬೇಕು."

"ಅಯ್ಯೋ, ಇನ್ನೊಂದೈದು ನಿಮಿಷ ತಡ್ಕೊಳಮ್ಮ. ಈಗ ಎದ್ದುಹೋದ್ರೆ ಅವರೇನಂದ್ಕೋತಾರೆ?"

ಐದು ನಿಮಿಷ ಅರ್ಧ ಗಂಟೆಯಾಯಿತು. ಅವಳು ಇನ್ನೊಮ್ಮೆ ಕರೆದಳು. ನಾನು ದೂರದಿಂದಲೇ, ಕೂತ್ಕೋ ಎಂದು ಕೈ ಮಾಡಿದೆ. ಥೂ, ನನ್ನ ಜನ್ಮಕ್ಕೆ!

ಆಗ ಬೋರಮ್ಮ ಬೆಂಚಿನಿಂದ ನೆಲಕ್ಕಿಳಿದಳು. ಸೀರೆಯನ್ನು ಕಾಲಿಗೆ ಸುತ್ತಿಕೊಂಡು, ಎರಡೂ ಅಂಗೈ ಊರಿ, ಇನ್ನೂರು ಜನರ ಮುಂದೆ ಬಾಗಿಲವರೆಗೂ ತೆವಳಿದಳು. ಭಾಷಣ ನಿಂತಿತು. "ಪಾಪ" ಎಂದು ಯಾರೋ ಲೊಚಗುಟ್ಟಿದರು. ನಾನು ಜೇಬಿನೊಳಗೆ ಬೀಗದಕೈ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದೆ.

ಇನ್ನು ಅವಳು ಬರುವುದಿಲ್ಲ ಎಂದುಕೊಂಡೆ. ಆದರೆ ಮುಂದಿನ ಭಾನುವಾರದ ಸಭೆಗೆ ಕೋಲೂರಿಕೊಂಡು ಎಲ್ಲರಿಗಿಂತ ಮೊದಲು ಬಂದಳು. ತಪ್ಪಾಯಿತು ಎನ್ನಲು ನಾನು ಬಾಯಿ ತೆರೆದೆ.

"ಅದೆಲ್ಲ ಬೇಡ ಬಿಡಿ. ಸಂಘದ ಪುಸ್ತಕದಲ್ಲಿ ಬರ್ಕೊಳ್ಳಿ, ನಮ್ಮನ್ನ ಕೇಳ್ದೆ ನಮ್ಮ ಕೋಲು ಯಾರೂ ಮುಟ್ಟಬಾರದು ಅಂತ."

ಬರೆದುಕೊಂಡೆ. ಸಂಘದ ಮೊದಲ ನಿಯಮ ಅದೇ.

ಹೋದ ತಿಂಗಳು ಐದನೆಯ ವಾರ್ಷಿಕೋತ್ಸವ. ಅಧ್ಯಕ್ಷರು ಆ ನಿಯಮವನ್ನು ಗಟ್ಟಿಯಾಗಿ ಓದಿ, "ಎಂಥ ಸೂಕ್ಷ್ಮ ಮನಸ್ಸು ನಮ್ಮ ಚನ್ನಕೇಶವ ಮೇಷ್ಟ್ರದು!" ಎಂದರು. ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಿಂದ ಬೋರಮ್ಮ ನನ್ನನ್ನೇ ನೋಡುತ್ತಿದ್ದಳು. ಇದು ಅವಳು ಬರೆಸಿದ್ದು ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಾನು ಎದ್ದು ನಿಂತು ಸಭೆಗೆ ಕೈ ಮುಗಿದೆ.